ರಣ್‌ನಲ್ಲಿ ಶಿವರಾತ್ರಿ ಜಾಗರಣೆ

ಗುಜರಾತಿನ ಕಛ್‌ನಲ್ಲಿರುವ ಬಿಳಿ ಉಪ್ಪಿನ ಮರುಭೂಮಿಗೆ ಜನ ಹುಣ್ಣಿಮೆ ನೋಡಿಕೊಂಡು ಹೋಗುತ್ತಾರೆ. ನಾವು ಅಮಾವಾಸ್ಯೆ ನೋಡಿಕೊಂಡು ಹೊರಡುತ್ತಿದ್ದೇವೆ. ನಾವು ಎಂದರೆ ನಾನು, ನನ್ನ ಹೆಂಡತಿ ಮತ್ತು ಐದನೇ ಕ್ಲಾಸಿನ ಮೊಮ್ಮಗಳು. ಅಲ್ಲಿನ ಒಂದು ವಸತಿಗೃಹಕ್ಕೆ ಫೋನ್ ಮಾಡಿ ನನ್ನ ಹರಕು ಮುರುಕು ಹಿಂದಿಯಲ್ಲಿ ದಿನಾಂಕ ಹೇಳಿದಾಗ, ಆ ಮನುಷ್ಯ ಪಾಪ, ನನಗೆ ಪಂಚಾಂಗ ಗೊತ್ತಿಲ್ಲ ಎಂದುಕೊಂಡು ತಿದ್ದಲು ನೋಡಿದ. "ಸಾಹೇಬರೇ, ಆ ದಿನ ಚಂದ್ರ ಇರುವುದಿಲ್ಲ. ಎರಡು ವಾರ ಮುಂದಕ್ಕೆ ಹಾಕಿಕೊಳ್ಳಿ, ಉಪ್ಪೆಲ್ಲ ಬೆಳ್ಳಿಯ ಹಾಗೆ ಹೊಳೆಯುತ್ತೆ" ಎಂದ. ಚಂದ್ರ ಇರಬಾರದು ಎಂದೇ ಬರುತ್ತಿರುವುದು ಎಂದೆ. ಸ್ವಲ್ಪ ಹೊತ್ತು ಆ ಕಡೆಯಿಂದ ಮಾತೇ ಇಲ್ಲ. ಆಮೇಲೆ ನಾನು ಕೇಳಿದ ಎರಡನೇ ಪ್ರಶ್ನೆ ಅವನನ್ನು ಇನ್ನೂ ಗೊಂದಲಕ್ಕೆ ಹಾಕಿರಬೇಕು: "ರಾತ್ರಿ ನಿಮ್ಮ ಅಂಗಳದ ದೀಪಗಳನ್ನು ಆರಿಸುತ್ತೀರಾ?"

ನಕ್ಷತ್ರ ನೋಡಲು ಹೋಗುವವರು ಹೋಟೆಲಿನವರನ್ನು ಕೇಳಬೇಕಾದ ಮೊದಲ ಪ್ರಶ್ನೆ ಇದು. ಬಿಸಿನೀರು, ಊಟ, ಫ್ಯಾನು ಎಲ್ಲ ಆಮೇಲೆ.

ಇದೆಲ್ಲ ಶುರುವಾದದ್ದು ಮೊಮ್ಮಗಳ ಶಾಲೆಯ ಒಂದು ಚಾರ್ಟಿನಿಂದ. ಕಪ್ಪು ಹಾಳೆಯ ಮೇಲೆ ಬಿಳಿ ಬಣ್ಣ ಚಿಮುಕಿಸಿ ಆಕಾಶಗಂಗೆ ಬರೆಯುತ್ತಿದ್ದಳು. "ತಾತ, ಇದನ್ನು ನೀವು ನಿಜವಾಗಿ ನೋಡಿದ್ದೀರಾ?" ಎಂದಳು. ನೋಡಿದ್ದೇನೆ, ಎಷ್ಟೋ ಸಲ. 1979ರಲ್ಲಿ ರಾಯಚೂರು ಜಿಲ್ಲೆಯ ಒಂದು ಹಳ್ಳಿಯ ಶಾಖೆಗೆ ನನಗೆ ವರ್ಗವಾಗಿತ್ತು. ಬೇಸಿಗೆಯಲ್ಲಿ ಒಳಗೆ ಮಲಗುವುದು ಸಾಧ್ಯವೇ ಇರಲಿಲ್ಲ. ನಾನೂ ನಮ್ಮ ಕ್ಯಾಷಿಯರೂ ಬ್ಯಾಂಕಿನ ತಾರಸಿಯ ಮೇಲೆ ಚಾಪೆ ಹಾಸುತ್ತಿದ್ದೆವು. ಕರೆಂಟು ಹೋದರೆ ಊರೆಲ್ಲ ಕಗ್ಗತ್ತಲು. ತಲೆಯ ಮೇಲೆ ದಕ್ಷಿಣದಿಂದ ಉತ್ತರಕ್ಕೆ ಯಾರೋ ಹಿಟ್ಟು ಚೆಲ್ಲಿಕೊಂಡು ಹೋದ ಹಾಗೆ ಒಂದು ಪಟ್ಟಿ. ಆಗ ಅದು ವಿಶೇಷ ಎಂದು ಅನಿಸಲೇ ಇಲ್ಲ. ನಮಗೆ ಮರುದಿನ ಲೆಡ್ಜರು ಟ್ಯಾಲಿ ಆಗುವುದೇ ದೊಡ್ಡ ಚಿಂತೆ.

ಈಗ ಮೈಸೂರಿನ ನಮ್ಮ ತಾರಸಿಯಿಂದ ಮೊಮ್ಮಗಳು ಎಣಿಸಿದರೆ ಮೂವತ್ತು ನಲವತ್ತು ನಕ್ಷತ್ರ ಸಿಗುತ್ತವೆ. ಒಳ್ಳೆಯ ಕತ್ತಲೆಯಲ್ಲಿ ಬರಿಗಣ್ಣಿಗೆ ಒಂದೇ ಹೊತ್ತಿನಲ್ಲಿ ಎರಡು ಸಾವಿರಕ್ಕೂ ಹೆಚ್ಚು ಕಾಣಬೇಕು. ಉಳಿದವು ಎಲ್ಲೂ ಹೋಗಿಲ್ಲ. ಬೀದಿದೀಪಗಳ ಬೆಳಕು ಮೇಲಕ್ಕೆ ಚೆಲ್ಲಿ, ಧೂಳಿಗೂ ತೇವಕ್ಕೂ ತಾಗಿ ಆಕಾಶವನ್ನೇ ಬೆಳಗಿಸಿಬಿಟ್ಟಿದೆ, ಅಷ್ಟೆ.

ನನ್ನ ಅವಸರಕ್ಕೆ ಇನ್ನೊಂದು ಕಾರಣವಿದೆ. ಎಡಗಣ್ಣಿನ ಪೊರೆ ತೆಗೆಸಿಯಾಗಿದೆ, ಅದರ ತೊಂದರೆ ಇಲ್ಲ. ಬಲಗಣ್ಣಿಗೆ ಗ್ಲಾಕೋಮಾ. ಕಣ್ಣೊಳಗಿನ ಒತ್ತಡ ಏರಿ ನರಕ್ಕೆ ಪೆಟ್ಟಾಗುವ ಕಾಯಿಲೆ ಇದು. ನೋಟ ಅಂಚಿನಿಂದ ಹೋಗುತ್ತಾ ಬರುತ್ತದೆ. ಹೋದದ್ದು ವಾಪಸು ಬರುವುದಿಲ್ಲ, ಉಳಿದದ್ದನ್ನು ಕಾಪಾಡಿಕೊಳ್ಳಬಹುದು, ದಿನಾ ರಾತ್ರಿ ಹನಿ ಬಿಟ್ಟುಕೊಳ್ಳಿ ಎಂದಿದ್ದಾರೆ ಡಾಕ್ಟರು. ಬಿಟ್ಟುಕೊಳ್ಳುತ್ತಿದ್ದೇನೆ. ಮಸುಕಾದ ನಕ್ಷತ್ರ ನೋಡುವ ಉಪಾಯ ಗೊತ್ತಿರುವವರಿಗೆ ಇದರ ಕಷ್ಟ ಅರ್ಥವಾಗುತ್ತದೆ. ಅದನ್ನು ನೆಟ್ಟಗೆ ನೋಡಬಾರದು, ಸ್ವಲ್ಪ ಪಕ್ಕಕ್ಕೆ ದೃಷ್ಟಿ ಇಡಬೇಕು. ಕಣ್ಣಿನ ನಡುಭಾಗ ಬಣ್ಣಕ್ಕೂ ಓದಿಗೂ ಚುರುಕು. ಕತ್ತಲೆಗೆ ಚುರುಕಾದ ಕೋಶಗಳು ಅದರ ಸುತ್ತಮುತ್ತ ಇರುತ್ತವೆ. ಅಂದರೆ ಆಕಾಶ ನೋಡಲು ಬೇಕಾದದ್ದು ನನ್ನ ಬಲಗಣ್ಣು ಕಳೆದುಕೊಳ್ಳುತ್ತಿರುವ ಆ ಅಂಚೇ. ಹಾಗಾಗಿ ಇದನ್ನು ಅವಳು ಹೈಸ್ಕೂಲಿಗೆ ಹೋದ ಮೇಲೆ ನೋಡೋಣ ಎಂದು ಮುಂದೂಡುವ ಹಾಗಿಲ್ಲ.

ಮರುಭೂಮಿಯೇ ಏಕೆ ಎಂದು ಮಗ ಕೇಳಿದ. ಒಣಗಾಳಿ, ಕಡಿಮೆ ಮೋಡ, ಕಡಿಮೆ ಊರು. ಗುಡ್ಡ ಮರಗಳ ಅಡ್ಡಿಯಿಲ್ಲದೆ ನೆಲದಂಚಿನವರೆಗೂ ಆಕಾಶ. ನಮ್ಮ ದೇಶದಲ್ಲೇ ಇಂಥ ಮೂರು ಜಾಗಗಳನ್ನು ಗುರುತು ಹಾಕಿಕೊಂಡೆವು.

ಮೊದಲನೆಯದು ಲಡಾಖಿನ ಹಾನ್ಲೆ. ಇದು ಮರಳಿನದಲ್ಲ, ಚಳಿಯ ಮರುಭೂಮಿ. 2022ರ ಡಿಸೆಂಬರಿನಲ್ಲಿ ಇದನ್ನು ಭಾರತದ ಮೊದಲ ಕತ್ತಲೆ ಆಕಾಶದ ಸಂರಕ್ಷಿತ ಪ್ರದೇಶ ಎಂದು ಸಾರಿದರು. ಅಲ್ಲಿ ದೀಪ ಹಚ್ಚುವುದಕ್ಕೂ ಕಟ್ಟುಪಾಡುಗಳಿವೆ. ಊರಿನವರಿಗೇ ತರಬೇತಿ ಕೊಟ್ಟು, ದೂರದರ್ಶಕ ಕೊಟ್ಟು, ಬಂದವರಿಗೆ ಆಕಾಶ ತೋರಿಸುವ ಕೆಲಸ ವಹಿಸಿದ್ದಾರೆ. ಮಕ್ಕಳೇ, ಈ ಹಾನ್ಲೆಗೂ ನಮ್ಮ ಕರ್ನಾಟಕಕ್ಕೂ ಒಂದು ನಂಟಿದೆ. ಅಲ್ಲಿ ಸುಮಾರು 4,500 ಮೀಟರ್ ಎತ್ತರದ ಬೆಟ್ಟದ ಮೇಲೆ 2 ಮೀಟರ್ ಅಗಲದ ಕನ್ನಡಿಯಿರುವ ಹಿಮಾಲಯನ್ ಚಂದ್ರ ದೂರದರ್ಶಕವಿದೆ. ಅದನ್ನು ತಿರುಗಿಸಿ ಚಿತ್ರ ತೆಗೆಯುವವರು ಕುಳಿತಿರುವುದು ಬೆಂಗಳೂರಿನ ಪಕ್ಕದ ಹೊಸಕೋಟೆಯಲ್ಲಿ! ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ಉಪಗ್ರಹದ ಸಂಪರ್ಕದ ಮೂಲಕ ಇದನ್ನು ನಡೆಸುತ್ತದೆ. ಕಣ್ಣು ಹಿಮಾಲಯದಲ್ಲಿ, ಕೈ ಹೊಸಕೋಟೆಯಲ್ಲಿ.

ಆಸೆ ಅಲ್ಲಿಗೇ ಇತ್ತು. ಆದರೆ ಆ ಎತ್ತರದಲ್ಲಿ ಒಂದೊಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದಲ್ಲಿ ಸಿಗುವುದರ ಸುಮಾರು ಶೇ 60 ಮಾತ್ರ. ಗಟ್ಟಿಮುಟ್ಟಾದ ಹುಡುಗರೇ ಲೇಹ್‌ನಲ್ಲಿ ಎರಡು ಮೂರು ದಿನ ಸುಮ್ಮನೆ ಕುಳಿತು ಮೈ ಒಗ್ಗಿಸಿಕೊಂಡು ಮುಂದೆ ಹೋಗಬೇಕು. ಇಪ್ಪತ್ತು ವರ್ಷದಿಂದ ಬಿಪಿ ಮಾತ್ರೆ ನುಂಗುತ್ತಿರುವ ನನ್ನನ್ನು ನೋಡಿ ಡಾಕ್ಟರು, "ಯಜಮಾನ್ರೇ, ನಕ್ಷತ್ರ ತೋರಿಸೋಕೆ ಹೋಗಿ ಮಗುವಿಗೆ ಆಂಬುಲೆನ್ಸ್ ತೋರಿಸಬೇಡಿ" ಎಂದರು. ಮಾತು ಖಾರವಾಗಿತ್ತು, ನಿಜವೂ ಆಗಿತ್ತು. ಅರವತ್ತು ದಾಟಿದ ಓದುಗರು ಇಂಥ ಕಡೆಗೆ ಟಿಕೆಟು ತೆಗೆಸುವ ಮುಂಚೆ ತಮ್ಮ ಡಾಕ್ಟರನ್ನು ಕೇಳಲೇಬೇಕು.

ಎರಡನೆಯದು ರಾಜಸ್ಥಾನದ ಥಾರ್, ಜೈಸಲ್ಮೇರ್ ಕಡೆ. ಮರಳಿನ ದಿಬ್ಬ, ಒಂಟೆ, ಎಲ್ಲ ಚೆನ್ನ. ಆದರೆ ಹೆಸರುವಾಸಿಯಾದ ಸಮ್ ದಿಬ್ಬಗಳ ಬಳಿ ಸಾಲು ಸಾಲು ಡೇರೆ, ರಾತ್ರಿ ಹಾಡು ಕುಣಿತ, ಬಣ್ಣದ ದೀಪ. ಮದುವೆ ಮನೆಯ ಚಪ್ಪರದಲ್ಲಿ ಕುಳಿತು ಆಕಾಶಗಂಗೆ ಹುಡುಕಿದ ಹಾಗಾದೀತು. ದೂರದ ಹಳ್ಳಿಗಳಲ್ಲಿ ಉಳಿಯಬಹುದು, ಹಾಗೆ ಉಳಿಯುವವರೂ ಇದ್ದಾರೆ. ಆದರೆ ಮೂರನೆಯ ಜಾಗದ ಹೆಸರು ಬಂದ ಮೇಲೆ ನಾವು ಅದರ ಕಡೆ ತಿರುಗಿ ನೋಡಲಿಲ್ಲ.

ಆ ಮೂರನೆಯದು ಕಛ್‌ನ ದೊಡ್ಡ ರಣ್, ಅದರ ನಡುವಿನ ಧೋಲಾವೀರಾ. ರಣ್ ಎಂದರೆ ಮರಳಲ್ಲ, ಉಪ್ಪು. ಮಳೆಗಾಲದಲ್ಲಿ ನೀರು ತುಂಬಿ ಕೆರೆಯಂತಾಗುವ ಬಯಲು ಚಳಿಗಾಲಕ್ಕೆ ಒಣಗಿ ಉಪ್ಪಿನ ಹಪ್ಪಳವಾಗುತ್ತದೆ. ಅದರ ಮಧ್ಯೆ ದ್ವೀಪದ ಹಾಗೆ ಎದ್ದಿರುವ ಖಾದಿರ್ ಎಂಬ ನೆಲದ ಮೇಲೆ ಧೋಲಾವೀರಾ ಇದೆ. ಭುಜ್‌ನಿಂದ ಖಾವ್ಡಾ ದಾಟಿದರೆ ಎರಡೂ ಕಡೆ ಬಿಳಿ ಬಯಲು, ನಡುವೆ ನೇರ ರಸ್ತೆ. ಡೇರೆಗಳ ಉತ್ಸವ ನಡೆಯುವುದು ಅಲ್ಲಿಂದ ಬಹಳ ದೂರದ ಧೋರ್ಡೊ ಕಡೆ. ಹಗಲು ಹೊತ್ತಿಗೂ ಮೊಮ್ಮಗಳಿಗೆ ಕೆಲಸವಿದೆ: ಹರಪ್ಪ ಕಾಲದ ದೊಡ್ಡ ಪಟ್ಟಣ, ಬಂಡೆ ಕಡಿದು ಕಟ್ಟಿದ ನೀರಿನ ಕೊಳಗಳು. ಇನ್ನೂ ಯಾರೂ ಓದಲಾಗದ ಹತ್ತು ಅಕ್ಷರಗಳ ಫಲಕ ಸಿಕ್ಕಿದ್ದೂ ಅಲ್ಲೇ. 2021ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಎತ್ತರದ ಭಯವಿಲ್ಲ, ಉಸಿರಿಗೆ ತೊಂದರೆಯಿಲ್ಲ.

ಜಾಗ ಸಿಕ್ಕಿತು. ಇನ್ನು ದಿನಾಂಕ. ನನ್ನ ಪ್ರಕಾರ ಇಡೀ ಯೋಜನೆಯಲ್ಲಿ ತಲೆ ಓಡಿಸಬೇಕಾದದ್ದು ಇಲ್ಲೇ. ಕತ್ತಲೆಯ ಜಾಗ ಎಷ್ಟೇ ಒಳ್ಳೆಯದಿರಲಿ, ಆಕಾಶದಲ್ಲಿ ಚಂದ್ರ ಇದ್ದರೆ ಹೋದ ಖರ್ಚು ದಂಡ. ಅಮಾವಾಸ್ಯೆಯ ಆಚೆ ಈಚೆ ನಾಲ್ಕೈದು ದಿನದೊಳಗೆ ಹೋಗಬೇಕು. ಅದಕ್ಕೆ ಪಂಚಾಂಗ ಸಾಕು. ಆದರೆ ಯಾವ ತಿಂಗಳ ಅಮಾವಾಸ್ಯೆ?

ಆಕಾಶಗಂಗೆಯ ದಟ್ಟವಾದ ನಡುಭಾಗ ಇರುವುದು ಧನು ಮತ್ತು ವೃಶ್ಚಿಕ ರಾಶಿಗಳ ಕಡೆ. ಅದು ಸಂಜೆಯೇ ಕಾಣಬೇಕಾದರೆ ಬೇಸಿಗೆ ಕಳೆದು ಮಳೆಗಾಲ ಬರಬೇಕು. ಮೇ ತಿಂಗಳಲ್ಲಿ ಕಛ್‌ನ ಬಿಸಿಲು ನಮ್ಮಂಥವರಿಗಲ್ಲ, ಮಳೆಗಾಲದಲ್ಲಿ ಮೋಡ. ಡಿಸೆಂಬರ್ ಜನವರಿ ಹಿತವಾಗಿರುತ್ತದೆ, ಆಗ ಮಹಾವ್ಯಾಧ, ಲುಬ್ಧಕ, ಕೃತ್ತಿಕೆ ಎಲ್ಲ ಚೆಂದ. ಆದರೆ ಆಕಾಶಗಂಗೆಯ ನಡುಭಾಗ ಆಗ ಸೂರ್ಯನ ದಿಕ್ಕಿನಲ್ಲೇ ಇದ್ದು ಕಾಣುವುದಿಲ್ಲ. ಎರಡೂ ಬೇಕಾದರೆ ಚಳಿಗಾಲ ಮುಗಿದು ಬೇಸಿಗೆ ಶುರುವಾಗುವ ಸಂದಿಯೇ ಗತಿ. ಸಂಜೆಗೆ ಚಳಿಗಾಲದ ನಕ್ಷತ್ರ, ಬೆಳಗಿನ ಜಾವಕ್ಕೆ ಬೇಸಿಗೆಯವು.

ಕ್ಯಾಲೆಂಡರ್ ಮುಂದಿಟ್ಟುಕೊಂಡು ಹೀಗೆಲ್ಲ ಲೆಕ್ಕ ಹಾಕುತ್ತಿದ್ದಾಗ ಒಳಗಿನಿಂದ ನನ್ನ ಹೆಂಡತಿ, "ಅಷ್ಟೆಲ್ಲ ಯಾಕೆ ಒದ್ದಾಡ್ತೀರಿ, ನೀವು ಹೇಳ್ತಿರೋದು ಶಿವರಾತ್ರಿ ಅಲ್ವಾ?" ಎಂದಳು. ಹೌದಲ್ಲ! ಮಾಘ ಬಹುಳ ಚತುರ್ದಶಿ, ಅಂದರೆ ಅಮಾವಾಸ್ಯೆಯ ಹಿಂದಿನ ತಿಥಿ. ಚಳಿ ಶಿವ ಶಿವ ಎಂದು ಓಡಿಹೋಗುವ ಕಾಲ. ರಾತ್ರಿಯಿಡೀ ನಿದ್ದೆ ಬಿಡುವುದಂತೂ ಇದ್ದೇ ಇದೆ. 2027ರಲ್ಲಿ ಶಿವರಾತ್ರಿ ಮಾರ್ಚ್ 6, ಶನಿವಾರ. ಸಣ್ಣ ಗೆರೆಯಂಥ ಚಂದ್ರ ಹುಟ್ಟುವಷ್ಟರಲ್ಲಿ ಪೂರ್ವ ಬೆಳ್ಳಗಾಗಿರುತ್ತದೆ. ಪೂಜೆ ತಪ್ಪುತ್ತದಲ್ಲ ಎಂದು ನಾನೇ ಕೇಳಿದೆ. ಬಿಲ್ವಪತ್ರೆ ಒಣಗಿಸಿ ಪೊಟ್ಟಣ ಕಟ್ಟಿಕೊಳ್ಳುತ್ತಾಳಂತೆ.

ಸೊಸೆಯ ಆಕ್ಷೇಪ ಬೇರೆ. ಮಾರ್ಚ್ ಮೂರನೇ ವಾರ ವಾರ್ಷಿಕ ಪರೀಕ್ಷೆ. ಮೂರು ದಿನ ಚರ್ಚೆ ನಡೆದು ಒಪ್ಪಂದವಾಯಿತು: ಹೋಗುವಾಗ ರೈಲು, ಬರುವಾಗ ವಿಮಾನ, ರೈಲಿನಲ್ಲಿ ಗಣಿತದ ಪುಸ್ತಕ ತೆರೆಯಲೇಬೇಕು. ಬೆಂಗಳೂರಿನಿಂದ ಕಛ್‌ನ ಗಾಂಧಿಧಾಮಕ್ಕೆ ವಾರಕ್ಕೊಂದು ನೇರ ರೈಲಿದೆ. ಧೋಲಾವೀರಾದಲ್ಲಿ ಮಾರ್ಚ್ 5, 6, 7 ಮೂರು ರಾತ್ರಿ ಉಳಿಯುತ್ತೇವೆ. ಒಂದೇ ರಾತ್ರಿಯನ್ನು ನಂಬಬಾರದು, ಮೋಡವೋ ಧೂಳೋ ಬಂದರೆ ಅಷ್ಟು ದೂರ ಹೋಗಿ ಕೈ ಚೆಲ್ಲಿ ಬರಬೇಕಾಗುತ್ತದೆ.

ದೂರದರ್ಶಕ ಕೊಳ್ಳೋಣ ಎಂದು ಮಗ ಹೊರಟಿದ್ದ. ಬೇಡ ಎಂದೆ. ಮೊದಲ ಸಲ ಹೋಗುವವರಿಗೆ ಬರಿಗಣ್ಣು, ಜೊತೆಗೊಂದು ಬೈನಾಕ್ಯುಲರ್ ಸಾಕು. ಅಗ್ಗದ ದೂರದರ್ಶಕದ ಅಲುಗಾಡುವ ಕಾಲುಗಳ ಜೊತೆ ಜಗಳವಾಡುವುದರಲ್ಲೇ ರಾತ್ರಿ ಮುಗಿಯುತ್ತದೆ. ಬೈನಾಕ್ಯುಲರಿನ ಮೇಲೆ 10x50, 7x50 ಎಂದು ಬರೆದಿರುತ್ತದೆ. ಮೊದಲನೆಯದು ಎಷ್ಟು ಪಟ್ಟು ಹತ್ತಿರ ತೋರಿಸುತ್ತದೆ ಎಂಬುದು, ಎರಡನೆಯದು ಮುಂದಿನ ಮಸೂರದ ಅಗಲ ಮಿಲಿಮೀಟರಿನಲ್ಲಿ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ಕಣ್ಣಿಗೆ ಬಂದು ಬೀಳುವ ಬೆಳಕಿನ ಕಟ್ಟಿನ ಅಗಲ ಸಿಗುತ್ತದೆ. 7x50ರಲ್ಲಿ ಅದು ಸುಮಾರು 7 ಮಿ.ಮೀ., 10x50ರಲ್ಲಿ 5 ಮಿ.ಮೀ.

ಇದರಲ್ಲೇನು ವಿಶೇಷ ಎನ್ನಬೇಡಿ. ಕತ್ತಲೆಯಲ್ಲಿ ಎಳೆಯರ ಕಣ್ಣಿನ ಪಾಪೆ ಸುಮಾರು 7 ಮಿ.ಮೀ.ವರೆಗೆ ಅರಳುತ್ತದೆ. ನಮ್ಮ ವಯಸ್ಸಿಗೆ 5 ಮಿ.ಮೀ. ಆದರೆ ಪುಣ್ಯ. ಅಗಲ ಐದು ಮತ್ತು ಏಳು ಎಂದರೆ ವಿಸ್ತೀರ್ಣ 25 ಮತ್ತು 49. ಒಂದೇ ಅಂಗಳದಲ್ಲಿ ಒಂದೇ ಆಕಾಶದ ಕೆಳಗೆ ಕುಳಿತರೂ ಅವಳ ಕಣ್ಣೊಳಗೆ ಹೋಗುವ ಬೆಳಕು ನನ್ನದರ ಹೆಚ್ಚುಕಡಿಮೆ ಎರಡರಷ್ಟು! ನನಗೆ 7x50 ಕೊಟ್ಟರೆ ಅರ್ಧ ಬೆಳಕು ಪಾಪೆಯ ಹೊರಗೇ ಬಿದ್ದು ವ್ಯರ್ಥ. ಅದಕ್ಕೇ 10x50. ಹಳೆಯ ಸಹೋದ್ಯೋಗಿಯೊಬ್ಬರು ಹಕ್ಕಿ ನೋಡಲು ಇಟ್ಟುಕೊಂಡಿದ್ದನ್ನು ಎರವಲು ಕೊಡುತ್ತಾರೆ.

ಕೃತ್ತಿಕೆಯಲ್ಲಿ ಎಷ್ಟು ನಕ್ಷತ್ರ ಎಂಬುದು ನಮ್ಮಿಬ್ಬರ ಪಂದ್ಯ. ಸಾಮಾನ್ಯವಾಗಿ ಆರು ಕಾಣುತ್ತವೆ. ಒಳ್ಳೆಯ ಕಣ್ಣು, ಒಳ್ಳೆಯ ಕತ್ತಲೆ ಇದ್ದರೆ ಏಳು, ಇನ್ನೂ ಹೆಚ್ಚು. ಅವಳೇ ಗೆಲ್ಲುತ್ತಾಳೆ ಎಂಬುದು ಪಾಪೆಯ ಲೆಕ್ಕದಿಂದಲೇ ಗೊತ್ತಾಗಿದೆ. ಆದರೂ ಐವತ್ತು ರೂಪಾಯಿ ಕಟ್ಟಿದ್ದೇನೆ.

ಕಣ್ಣು ಕತ್ತಲೆಗೆ ಪೂರ್ತಿ ಒಗ್ಗಲು ಅರ್ಧ ಗಂಟೆಯಾದರೂ ಬೇಕು. ನಡುವೆ ಯಾರಾದರೂ ಮೊಬೈಲ್ ತೆರೆದರೆ ಮತ್ತೆ ಮೊದಲಿನಿಂದ. ಕೆಂಪು ಬೆಳಕು ಮಾತ್ರ ಅಷ್ಟು ಕೆಡಿಸುವುದಿಲ್ಲ. ಉಡುಗೊರೆಗೆ ಸುತ್ತುವ ಕೆಂಪು ಪಾರದರ್ಶಕ ಕಾಗದವನ್ನು ಮೂರು ಪದರ ಮಾಡಿ ಟಾರ್ಚಿಗೆ ರಬ್ಬರ್ ಬ್ಯಾಂಡ್ ಹಾಕಿದ್ದಾಳೆ. ಕುಳಿತಲ್ಲೇ ಕತ್ತೆತ್ತಿ ನೋಡಿದರೆ ಹತ್ತು ನಿಮಿಷಕ್ಕೆ ಕತ್ತು ಹಿಡಿಯುತ್ತದೆ, ಆದ್ದರಿಂದ ಮಂಚ ಅಥವಾ ಒರಗುವ ಕುರ್ಚಿ ಅಂಗಳಕ್ಕೆ ಹಾಕಿಸಿಕೊಳ್ಳಬೇಕು. ಕಂಬಳಿ, ಮಂಕಿ ಕ್ಯಾಪು, ಫ್ಲಾಸ್ಕಿನಲ್ಲಿ ಕಾಫಿ. ಕತ್ತಲೆಯಲ್ಲಿ ಉಪ್ಪಿನ ಬಯಲಿಗೆ ನಡೆದು ಹೋಗುವುದು ಬೇಡವೇ ಬೇಡ. ಮೇಲೆ ಗಟ್ಟಿ ಕಂಡರೂ ಹಪ್ಪಳದ ಕೆಳಗೆ ಕೆಲವು ಕಡೆ ಕೆಸರಿರುತ್ತದೆ. ಅಲ್ಲದೆ ಇದು ಗಡಿ ಜಿಲ್ಲೆ, ಎಲ್ಲರ ಗುರುತಿನ ಚೀಟಿ ಜೊತೆಗಿರಲಿ.

ಮನೆಯಿಂದಲೇ ಒಂದು ಪಾಠ ಶುರುವಾಗಿದೆ, ನೀವೂ ಮಾಡಬಹುದು ಮಕ್ಕಳೇ. ತೋಳನ್ನು ಪೂರ್ತಿ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಆಕಾಶದಲ್ಲಿ ಸುಮಾರು 10 ಡಿಗ್ರಿ. ನಿಮ್ಮ ಮುಷ್ಟಿ ಚಿಕ್ಕದು, ತೋಳೂ ಗಿಡ್ಡ, ಹಾಗಾಗಿ ಲೆಕ್ಕ ಸರಿಹೋಗುತ್ತದೆ. ಧ್ರುವ ನಕ್ಷತ್ರ ನೆಲದಂಚಿನಿಂದ ಎಷ್ಟು ಎತ್ತರದಲ್ಲಿದೆಯೋ ಹೆಚ್ಚುಕಡಿಮೆ ಅದೇ ನಿಮ್ಮ ಊರಿನ ಅಕ್ಷಾಂಶ. ಮೈಸೂರಿನಲ್ಲಿ ಅದು ಸುಮಾರು 12 ಡಿಗ್ರಿ, ಅಂದರೆ ಒಂದೂಕಾಲು ಮುಷ್ಟಿಗೂ ತುಸು ಕಡಿಮೆ. ನಮ್ಮ ತಾರಸಿಯಿಂದ ಎದುರು ಮನೆಯ ನೀರಿನ ಟ್ಯಾಂಕಿನ ಪಕ್ಕದಲ್ಲಿ ಇಣುಕುತ್ತದೆ. ಧೋಲಾವೀರಾದಲ್ಲಿ ಸುಮಾರು 24 ಡಿಗ್ರಿ. ದಕ್ಷಿಣದ ಅಗಸ್ತ್ಯ ನಕ್ಷತ್ರದ್ದು ಉಲ್ಟಾ: ಮೈಸೂರಿನಲ್ಲಿ ಅದು ಹೆಚ್ಚೆಂದರೆ 25 ಡಿಗ್ರಿ ಏರುತ್ತದೆ, ಅಲ್ಲಿ 13ರ ಆಸುಪಾಸು. ಧ್ರುವನೂ ಅಗಸ್ತ್ಯನೂ ಅದಲು ಬದಲಾದ ಹಾಗೆ. ಇಲ್ಲಿಯ ಅಳತೆ ಅವಳ ನೋಟ್‌ಬುಕ್ಕಿನ ಎಡಪುಟದಲ್ಲಿದೆ, ಬಲಪುಟ ಖಾಲಿಯಿದೆ.

ಧೋಲಾವೀರಾ ಕಟ್ಟಿದವರಿಗೆ ಈ ಧ್ರುವ ಧ್ರುವನಾಗಿರಲಿಲ್ಲ ಎಂದಾಗ ಅವಳು ನಂಬಲಿಲ್ಲ. ಭೂಮಿಯ ಅಕ್ಷ ಬುಗುರಿಯ ಹಾಗೆ ಬಹಳ ನಿಧಾನವಾಗಿ ಓಲಾಡುತ್ತದೆ, ಒಂದು ಸುತ್ತಿಗೆ ಸುಮಾರು 26,000 ವರ್ಷ. ನಾಲ್ಕೂಮುಕ್ಕಾಲು ಸಾವಿರ ವರ್ಷದ ಹಿಂದೆ ಉತ್ತರ ಧ್ರುವದ ನೇರಕ್ಕಿದ್ದದ್ದು ಥೂಬಾನ್ ಎಂಬ ಇನ್ನೊಂದು, ಇನ್ನೂ ಮಂಕಾದ ನಕ್ಷತ್ರ. ಹಾಗಾದರೆ ಧ್ರುವಕುಮಾರನ ಕಥೆ ಏನಾಯಿತು ಎಂದು ಕೇಳಿದಳು. ಅದನ್ನು ಅಜ್ಜಿಯ ಕಡೆಗೆ ದಾಟಿಸಿದ್ದೇನೆ.

ಶಿವರಾತ್ರಿಯ ವೇಳಾಪಟ್ಟಿ ಹೀಗಿದೆ. ಎಂಟು ಗಂಟೆಗೆ ಪೂರ್ತಿ ಕತ್ತಲು. ಆಗ ಪಶ್ಚಿಮದಲ್ಲಿ ಗೋಪುರದ ಆಕಾರದ ಒಂದು ಮಸುಕು ಬೆಳಕು ಕಾಣುವ ಸಾಧ್ಯತೆ ಇದೆ. ಅದು ಯಾವ ಊರಿನ ದೀಪವೂ ಅಲ್ಲ, ಗ್ರಹಗಳ ನಡುವಿನ ಧೂಳಿಗೆ ಸೂರ್ಯನ ಬೆಳಕು ಬಿದ್ದು ಹೊಳೆಯುವುದು. ವಾಯವ್ಯದಲ್ಲಿ ಎರಡು ಮುಷ್ಟಿ ಎತ್ತರದಲ್ಲಿ ದೇವಯಾನಿ ಗ್ಯಾಲಕ್ಸಿ, ಒರೆಸಿದ ಸೀಮೆಸುಣ್ಣದ ಗುರುತಿನಷ್ಟು. ಅಲ್ಲಿಂದ ಬೆಳಕು ಹೊರಟು ಸುಮಾರು 25 ಲಕ್ಷ ವರ್ಷವಾಗಿದೆ. ದಕ್ಷಿಣದಲ್ಲಿ ಲುಬ್ಧಕ. ಅದರ ಬೆಳಕು ಹೊರಟದ್ದು ಮೊಮ್ಮಗಳು ಗೋಡೆ ಹಿಡಿದು ನಡೆಯಲು ಕಲಿಯುತ್ತಿದ್ದಾಗ. ರೋಹಿಣಿಯ ಬೆಳಕು ಹೊರಟು 65 ವರ್ಷ, ನಾನು ಆಗ ನಾಲ್ಕನೇ ಕ್ಲಾಸು. ಪೂರ್ವದಲ್ಲಿ ಗುರು ಮತ್ತು ಮಂಗಳ ಹತ್ತಿರ ಹತ್ತಿರ ಇರುತ್ತಾರೆ. ಬೈನಾಕ್ಯುಲರನ್ನು ಅಲುಗಾಡದಂತೆ ಹಿಡಿದರೆ ಗುರುವಿನ ಚಂದ್ರರು ಚುಕ್ಕೆಗಳಾಗಿ ಕಾಣಬೇಕು. ಹನ್ನೊಂದರಿಂದ ಮೂರರವರೆಗೆ ಅವಳಿಗೆ ನಿದ್ದೆ, ಇದು ಸೊಸೆಯ ಷರತ್ತು. ಮೂರೂವರೆಗೆ ಎಬ್ಬಿಸಬೇಕು. ಆಗ ಆಗ್ನೇಯದಲ್ಲಿ ಜ್ಯೇಷ್ಠಾ ನಕ್ಷತ್ರ, ವೃಶ್ಚಿಕದ ಕೊಂಡಿ, ಅದರ ಹಿಂದೆ ಧನು. ಐದೂವರೆಗೆ ಬೆಳಕು ಹರಿಯಲು ಶುರುವಾಗುವವರೆಗೂ ಅವಳ ಚಾರ್ಟಿನ ಆಕಾಶಗಂಗೆ ಏರುತ್ತಲೇ ಇರುತ್ತದೆ.

ನನ್ನ ಬಲಗಣ್ಣಿಗೆ ಅದು ಎಷ್ಟು ದಕ್ಕುತ್ತದೋ ಈಗ ಹೇಳಲಾರೆ. ಕಂಡದ್ದನ್ನು ಅವಳು ಗಟ್ಟಿಯಾಗಿ ಹೇಳಬೇಕು, ನಾನು ಬರೆದುಕೊಳ್ಳಬೇಕು ಎಂದು ಮಾತಾಗಿದೆ. ಕೆಂಪು ಟಾರ್ಚಿನ ಬೆಳಕಿನಲ್ಲಿ ಕೆಂಪು ಶಾಯಿ ಕಾಣುವುದಿಲ್ಲ, ಪೆನ್ಸಿಲ್ ತನ್ನಿ ತಾತ ಎಂದು ಅವಳೇ ಎಚ್ಚರಿಸಿದ್ದಾಳೆ. ರೈಲಿನ ಮುಂಗಡ ಟಿಕೆಟು ತೆಗೆಯಲು ಬಿಡುವುದು 60 ದಿನ ಮುಂಚೆ, ಅಂದರೆ ಹೊಸವರ್ಷದ ಆಸುಪಾಸು. ಕಣ್ಣಿನ ಮುಂದಿನ ತಪಾಸಣೆಯೂ ಅದೇ ವಾರ ಬಂದಿದೆ. ಬೆಳಿಗ್ಗೆ ಎಂಟಕ್ಕೆ ಟಿಕೆಟು, ಹನ್ನೊಂದಕ್ಕೆ ಆಸ್ಪತ್ರೆ ಎಂದು ಬರೆದಿಟ್ಟಿದ್ದೇನೆ.